ಮೊದಲ ಪಂಕ್ತಿಯ ಊಟ

ಕಾವಲಿ ಹದವಾಗಿ ಕಾದಿತ್ತು. ನೀರುದೋಸೆಯ ಹಿಟ್ಟನ್ನು ಅಂಚಿನಿಂದ ನಡುವಿಗೆ ಸುತ್ತ ಹೊಯ್ದು ವಿನೋದಾ ಮುಚ್ಚಳಕ್ಕೆ ಕೈ ಚಾಚುವಷ್ಟರಲ್ಲಿ, ವ್ಯಾನೊಂದು ಹಿಂದಕ್ಕೆ ಸರಿಯುವಾಗಿನ ಪೀಂ ಪೀಂ ಸದ್ದು ಮನೆಯ ಮುಂದೆಯೇ ಕೇಳಿಸಿತು. ಹತ್ತರ ಮೇಲೆ ಬರುತ್ತೇನೆ ಎಂದಿದ್ದರು. ಇನ್ನೂ ಶನಿವಾರದ ಬಿಸಿಲು ಸರಿಯಾಗಿ ಬಿದ್ದಿರಲಿಲ್ಲ, ಎದುರುಮನೆಯ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿಕೊಂಡೇ ಇತ್ತು. ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಮುಂಬದಿಯ ಕಿಟಕಿಗೆ ಹೋಗಿ ಪರದೆ ಸರಿಸಿದಳು. ದೇರಣ್ಣ ಬೆಳಗಿನ ಜಾವ ಅಂಗಡಿಗಳಿಗೆ ಬ್ರೆಡ್ ಹಾಕುವ ಅದೇ ಬಿಳಿ ವ್ಯಾನು. ಅವರು ಇಳಿದು, ಬಾಗಿಲು ಹಾಕಿ, ಸೊಂಟಕ್ಕೆ ಕೈಕೊಟ್ಟು ಒಂದು ಕ್ಷಣ ಹಾಗೇ ನಿಂತರು. ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಜಯಶೀಲಾ ಇದ್ದರು. ಇಳಿಯಲಿಲ್ಲ. ಸೀಟ್‌ಬೆಲ್ಟನ್ನು ಬಿಚ್ಚಲೂ ಇಲ್ಲ. ವಿನೋದಾ ಪರದೆಯನ್ನು ಮೆಲ್ಲಗೆ ಬಿಟ್ಟಳು, ಬಟ್ಟೆ ಅಲುಗಿದ್ದು ಅವರಿಗೆ ಕಾಣಿಸಬಾರದು ಎಂಬಂತೆ. ತನ್ನದೇ ಮನೆಯಲ್ಲಿ ತಾನು ಅಡಗಿ ನೋಡುತ್ತಿದ್ದೇನೆ ಅನ್ನಿಸಿ ಮುಖ ಬಿಸಿಯಾಯಿತು. ಅಡುಗೆಮನೆಗೆ ಮರಳಿದಾಗ ಮುಚ್ಚದೆ ಬಿಟ್ಟ ದೋಸೆ ಅಂಚು ಎದ್ದು ಕಂದಾಗಿತ್ತು. ನೀರುದೋಸೆಗೆ ಬಣ್ಣ ಬಂತೆಂದರೆ ಅದು ಕೆಟ್ಟಿತೆಂದೇ ಲೆಕ್ಕ. ಇದನ್ನು ಅವಳಿಗೆ ಹೇಳಿಕೊಡುವವರು ಯಾರೂ ಬೇಕಿರಲಿಲ್ಲ. ಆದರೆ ಈ ದೇಶದ ಕರೆಂಟಿನ ಒಲೆಯಲ್ಲಿ, ಕೆಂಪಾಗುವ ಆ ಸುರುಳಿಯ ಮೇಲೆ ಅದನ್ನು ಬೆಳ್ಳಗೆ ತೆಗೆಯುವುದು ಹೇಗೆಂದು ಹೇಳಿಕೊಟ್ಟವರು ಜಯಶೀಲಾ. ಅವರ ಬೇಸ್‌ಮೆಂಟಿನಲ್ಲಿ ಇದ್ದ ಆ ಮೊದಲ ಚಳಿಗಾಲದಲ್ಲಿ.

"ಅಮ್ಮ, ಸಮ್‌ಥಿಂಗ್ ಈಸ್ ಬರ್ನಿಂಗ್," ಎಂದಳು ಪ್ರಜ್ಞಾ, ತಲೆ ಎತ್ತದೆ.

ಊಟದ ಮೇಜಿನ ತುಂಬ ತಲೆಗಳು. ರೋಮಿನ ಚಕ್ರವರ್ತಿಗಳ ಅಮೃತಶಿಲೆಯ ತಲೆಗಳನ್ನು ಲೈಬ್ರರಿಯಲ್ಲಿ ಪ್ರಿಂಟ್ ಹಾಕಿಸಿ ತಂದು ನಿನ್ನೆಯಿಂದ ಕತ್ತರಿಸುತ್ತಿದ್ದಳು. ನಾಲ್ಕನೇ ಕ್ಲಾಸಿನ ಪ್ರಾಜೆಕ್ಟು, ಸೋಮವಾರ ತರಗತಿಯ ಮುಂದೆ ನಿಂತು ಹೇಳಬೇಕು. ಉಳಿದ ಮಕ್ಕಳು ಪಿರಮಿಡ್ಡು, ಚೀನಾದ ಗೋಡೆ ಎಂದು ಆರಿಸಿಕೊಂಡರೆ ಇವಳು ಮಾತ್ರ ಬೇಗ ಬೇಗ ಸತ್ತ ರಾಜರನ್ನು ಆರಿಸಿಕೊಂಡಿದ್ದಳು. ಯಾಕೆ ಎಂದು ಟೀಚರು ಕೇಳಿದ್ದಕ್ಕೆ, ಹೆಚ್ಚು ದಿನ ಇದ್ದವರ ಬಗ್ಗೆ ತುಂಬ ಬರೆಯಬೇಕಾಗುತ್ತದೆ ಎಂದಿದ್ದಳಂತೆ. ವಿನೋದಾ ಅದನ್ನು ಕೇಳಿ ನಕ್ಕಿದ್ದಳು. ಹಳದಿ ಬೋರ್ಡಿನ ಮೇಲೆ ಪ್ರತಿ ತಲೆಯ ಕೆಳಗೂ ಒಂದೊಂದು ಚೌಕ, ಚೌಕದ ಮೇಲೆ ಮಗುವಿನ ಗುಂಡು ಅಕ್ಷರಗಳಲ್ಲಿ 'ಯಾರು ಕೊಂದರು' ಎಂಬ ಇಂಗ್ಲಿಷ್ ಸಾಲು. ಒಂದರ ಹಿಂದೆ ಒಂದು ಚೌಕದಲ್ಲಿ ಅದೇ ಉತ್ತರ ಬರುತ್ತಿತ್ತು: ಅವನದೇ ಕಾವಲಿನವರು. ಬೇಸರವಾಗಿ ಈಗ ಗಾರ್ಡ್ಸ್ ಎಂಬುದಕ್ಕೆ ಬರೀ ಒಂದು 'ಜಿ' ಬರೆಯುತ್ತಿದ್ದಳು.

"ಇವ್ನು ನೋಡು, ವಿಟೆಲಿಯಸ್. ಹೀ ಜಸ್ಟ್ ಏಟ್ ಆಲ್ ದ ಟೈಮ್. ದಿನಕ್ಕೆ ಮೂರು ನಾಲ್ಕು ಪಾರ್ಟಿ. ಲಾಸ್ಟಿಗೆ ಬಾಗಿಲು ಕಾಯುವವನ ರೂಮಲ್ಲಿ ಅಡಗಿದ್ದ, ಎಳ್ಕೊಂಡು ಬಂದ್ರು."

"ಪಾಪ," ಎಂದಳು ವಿನೋದಾ, ಕಾವಲಿಯಿಂದ ಸುಟ್ಟ ದೋಸೆ ಎಬ್ಬಿಸುತ್ತ.

"ನಾಟ್ ಪಾಪ. ಎಲ್ಲಾ ಊಟ ಅವ್ನೇ ತಿಂದ." ಕತ್ತರಿ ನಿಂತಿತು. "ಲೋಕೇಶ್ ಅಂಕಲ್ ಹೇಳಿದ್ರಲ್ಲ, ದೇರಣ್ಣ ಅಜ್ಜನಿಗೆ. ಸೇಮ್ ಥಿಂಗ್. ಅಮ್ಮ, ಒಂದು ಕೇಳ್ಲಾ?"

"ಆಮೇಲೆ ಕೇಳು, ಪುಟ್ಟಿ. ಅಜ್ಜ ಬಂದ್ರು ನೋಡು. ನಿನ್ನ ಗಮ್ಮೆಲ್ಲ ತೆಗೆದಿಡು."

ಆಮೇಲೆ, ಆಮೇಲೆ. ಮೂರು ವಾರದಿಂದ ಈ ಮಗು ಒಂದು ಕೇಳ್ಲಾ ಎನ್ನುವುದೂ ತಾನು ಆಮೇಲೆ ಎನ್ನುವುದೂ ನಡೆದಿದೆ. ಸ್ನಾನ ಮಾಡಿಸುವಾಗ, ಜಡೆ ಹಾಕುವಾಗ, ಕಾರಿನ ಹಿಂದಿನ ಸೀಟಿನಿಂದ. ಎಂಥಾ ಗಡಿಬಿಡಿಯಲ್ಲೂ ಮಕ್ಕಳ ಪ್ರಶ್ನೆಗೆ ಉತ್ತರ ಕೊಡದೆ ಇರಬಾರದು ಎಂದು ಅವಳೇ ಇಟ್ಟುಕೊಂಡಿದ್ದ ನಿಯಮ. ಮಳೆಬಿಲ್ಲು, ಸಾವು, ಡೈನೋಸಾರು, ಯಾವುದನ್ನೂ ಆಮೇಲೆ ಎಂದವಳಲ್ಲ. ಈ ಒಂದು ಪ್ರಶ್ನೆ ಬಾಯಿಗೆ ಬರುವ ಮೊದಲೇ ಅದರ ಬಣ್ಣ ಅವಳಿಗೆ ಗೊತ್ತಾಗುತ್ತದೆ. ಮಗುವಿನ ದನಿ ಸ್ವಲ್ಪ ಸಣ್ಣದಾಗುತ್ತದೆ. ಕೂಡಲೇ ಇವಳಿಗೆ ಏನೋ ಕೆಲಸ ನೆನಪಾಗುತ್ತದೆ.

ಹಾಲು ಮೈಕ್ರೋವೇವಿಗಿಟ್ಟು ಹೊಸ ದೋಸೆ ಹೊಯ್ದಳು. ಆ ದಿನವೂ ಹೀಗೇ, ಒಂದು ಕೈಯಲ್ಲಿ ಸೌಟು ಇತ್ತು. ಇಲ್ಲಿಯ ಕನ್ನಡ ಬಳಗದ ದೀಪಾವಳಿ ಊಟ, ಬಾಡಿಗೆಗೆ ಹಿಡಿದ ಸಭಾಂಗಣ, ಮಡಚುವ ಮೇಜುಗಳ ಮೇಲೆ ಉದ್ದಕ್ಕೆ ಬಿಳಿ ಕಾಗದ, ಅದರ ಮೇಲೆ ಜೆರಾರ್ಡ್ ಬಜಾರಿನಿಂದ ತಂದ ಬಾಳೆಎಲೆ. ಜಾಗ ಚಿಕ್ಕದು, ಹಾಗಾಗಿ ಮೂರು ಪಂಕ್ತಿ. ಬಳಗದ ಅಧ್ಯಕ್ಷರು ಎಂದರೆ ಊಟದ ದಿನ ಮನೆಯ ಯಜಮಾನನಿದ್ದ ಹಾಗೆ. ಊರಿನಲ್ಲಿ ಮದುವೆಮನೆಯ ಯಜಮಾನ ಪಂಕ್ತಿಯ ನಡುವೆ ಕೈಮುಗಿದುಕೊಂಡು ಹೋಗಿ 'ಸಾವಕಾಶ ಆಗ್ಲಿ' ಎಂದು ಪ್ರತಿ ಎಲೆಯ ಮುಂದೆ ಬಾಗಿ, ಎಲ್ಲರೂ ಎದ್ದ ಮೇಲೆ, ಬಡಿಸಿದವರೊಟ್ಟಿಗೆ ಕೊನೆಯ ಪಂಕ್ತಿಯಲ್ಲಿ ಕೂರುತ್ತಾನೆ. ಯಾರೂ ಬರೆದಿಟ್ಟ ನಿಯಮವಲ್ಲ. ಬರೆದಿಟ್ಟ ಎಷ್ಟೋ ನಿಯಮ ಮುರಿದವರೂ ಇದನ್ನು ಮುರಿದದ್ದಿಲ್ಲ. ದೇರಣ್ಣ ಅಧ್ಯಕ್ಷರಾದ ಮೇಲಿನ ಮೊದಲ ದೊಡ್ಡ ಊಟ ಅದು. ಬೆಳಿಗ್ಗೆಯಿಂದ ನಿಂತೇ ಇದ್ದರು. ಮೊದಲ ಪಂಕ್ತಿಗೆ ಎಲೆ ಹಾಕಿ ಆಗಿತ್ತು, ಕೋಸಂಬರಿ ಹಿಡಿದು ಬಂದ ವಿನೋದಾ ಅವರ ಮುಖ ನೋಡಿದಳು. ಬೆವರು. ಹೊರಗೆ ಅಷ್ಟು ಚಳಿ, ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. 'ಸಾವಕಾಶ' ಎನ್ನಲು ಬಾಯಿ ತೆರೆದವರು 'ಸಾವ' ಎಂದು ನಿಂತು ಅವಳನ್ನು ಗುರುತು ಸಿಗದವರಂತೆ ನೋಡಿದರು. ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ಶುರುವಾದದ್ದು ಅವಳಿಗೆ ಗೊತ್ತಿತ್ತು, ಜಯಶೀಲಾ ಹೇಳಿದ್ದರು, ಅವಳೊಬ್ಬಳಿಗೇ. ಕೆಲಸದಲ್ಲಿ ಗೊತ್ತಾದರೆ ವ್ಯಾನು ಕೊಡುವುದಿಲ್ಲ, ಡಾಕ್ಟರು ಎಲ್ಲ ಸರಿ ಮಾಡುವವರೆಗೆ ಯಾರಿಗೂ ಬೇಡ ಮಾರಾಯ್ತಿ ಎಂದು ಕೈ ಹಿಡಿದುಕೊಂಡಿದ್ದರು. ವಿನೋದಾ ಸೌಟು ಇಟ್ಟು, ದೇರಣ್ಣನ ರಟ್ಟೆ ಹಿಡಿದು ಹತ್ತಿರದ ಖಾಲಿ ಕುರ್ಚಿಗೆ ಒತ್ತಿ ಕೂರಿಸಿದಳು. ಬೇಡ ಬೇಡ ಎಂದರು. 'ಕೂತ್ಕೊಳ್ಳಿ ನೀವು, ನಾನು ಹೇಳ್ತೇನೆ ಅಲ್ವಾ' ಎಂದು ಗದರಿದಳು. ಪುಟ್ಟಿ, ಓಡು, ಜ್ಯೂಸ್ ತಾ. ಪುಟ್ಟಿ ಓಡಿದಳು. ಜ್ಯೂಸ್ ಕುಡಿಸಿ, ಎಲೆಯ ಮೇಲೆ ಹೋಳಿಗೆ ಹಾಕಿ, ಅದರ ಮೇಲೆ ಪಾಯಸ ಹೊಯ್ದು, ತಿನ್ನಿ ಎಂದಳು. ಅವರು ಮಗುವಿನಂತೆ ಎರಡೂ ಕೈಯಲ್ಲಿ ಬಾಚಿ ತಿಂದರು.

ಅಲ್ಲಿಯವರೆಗೆ ಸರಿ. ಅಲ್ಲಿಯವರೆಗೆ ಅವಳು ತನ್ನನ್ನು ಎಷ್ಟು ಸಲ ಬೇಕಾದರೂ ನೋಡಿಕೊಳ್ಳಬಲ್ಲಳು. ಆಮೇಲೆ ತಲೆ ಎತ್ತಿದಾಗ ಎದುರಿನ ಸಾಲಿನಲ್ಲಿ ಲೋಕೇಶ ಫೋನು ಎತ್ತಿ ಹಿಡಿದಿದ್ದ. ಬಳಗದ ಖಜಾಂಚಿ, ಮಾರ್ಕಮಿನಲ್ಲಿ ದೊಡ್ಡ ಮನೆ, ಎಲ್ಲದಕ್ಕೂ ಫೋಟೋ ತೆಗೆಯುವವನು. ಅವಳು ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಯಾಕೆ ಸರಿದೆ? ಕೂದಲು ಕೆದರಿತ್ತು, ಸೀರೆಗೆ ಸಾರು ಚೆಲ್ಲಿತ್ತು, ಫೋಟೋದಲ್ಲಿ ಕೆಟ್ಟದಾಗಿ ಕಾಣುತ್ತೇನೆ ಎಂದು. ಅಷ್ಟೇ. ಅಷ್ಟೇ ಎಂದು ಮೂರು ವಾರದಿಂದ ಹೇಳಿಕೊಳ್ಳುತ್ತಿದ್ದಾಳೆ. ಮೂರನೆಯ ಪಂಕ್ತಿಯ ಹೊತ್ತಿಗೆ ಅನ್ನ ಮುಗಿಯಿತು, ಹೋಳಿಗೆ ಮುಗಿಯಿತು. ಬೆಳಿಗ್ಗೆಯಿಂದ ಕುರ್ಚಿ ಹೊತ್ತಿದ್ದ ಕಾಲೇಜಿನ ಹುಡುಗ ಹುಡುಗಿಯರು ಬರೀ ಎಲೆಯ ಮುಂದೆ ಕೂತು ನಗಾಡಿದರು, ಆಮೇಲೆ ನಗು ನಿಲ್ಲಿಸಿದರು, ಆಮೇಲೆ ಯಾರೋ ಪಿಜ್ಜಾ ತರಿಸಿದರು. ಸಂಜೆಯೊಳಗೆ ಬಳಗದ ವಾಟ್ಸಾಪಿನಲ್ಲಿ ವೀಡಿಯೊ. ಮೊದಲ ಪಂಕ್ತಿಯಲ್ಲಿ ಕೂತು ಅಧ್ಯಕ್ಷರು ಎರಡೂ ಕೈಯಲ್ಲಿ ಹೋಳಿಗೆ ತಿನ್ನುತ್ತಿದ್ದಾರೆ, ಗಲ್ಲದಿಂದ ಪಾಯಸ ಇಳಿಯುತ್ತಿದೆ. ಕೆಳಗೆ ಲೋಕೇಶನದು ಒಂದೇ ಸಾಲು: ಸಾವಕಾಶ ಆಗ್ಲಿ ಅಧ್ಯಕ್ಷರೇ. ನಗುವ ಮುಖಗಳು ಸಾಲುಸಾಲಾಗಿ ಬಿದ್ದವು. ಅವಳು ನೋಡುತ್ತಾ ಹೋದಳು. ಗಂಡ ಮನೀಶನ ನಗುಮುಖವೂ ಇತ್ತು.

ಗರಾಜಿನ ಒಳಬಾಗಿಲು ತೆರೆದು ಮನೀಶ ಬಂದ. ಬೆಳಿಗ್ಗೆ ಎದ್ದು ಗರಾಜಿನ ಅರ್ಧ ಜಾಗ ಖಾಲಿ ಮಾಡಿದ್ದ. ಸ್ನೋ ಟಯರುಗಳನ್ನು ಗೋಡೆಗೆ ಪೇರಿಸಿ, ಸೈಕಲುಗಳನ್ನು ಮೇಲೆ ತೂಗುಹಾಕಿ, ನೆಲ ಗುಡಿಸಿದ್ದ. ಮದುವೆಯಾದ ಮೇಲೆ ಅವನು ನೆಲ ಗುಡಿಸಿದ್ದನ್ನು ಅವಳು ಕಂಡದ್ದು ಇದೇ ಮೊದಲು.

"ಅವರು ಬಂದಾಯ್ತು ಮಾರಾಯ್ತಿ! ಚಾ ಇಡು. ಶರ್ಟ್ ಬದಲಿಸ್ಬೇಕಾ?"

"ಬಳಗದ ಪಾತ್ರೆ ಇಳಿಸ್ಲಿಕ್ಕೆ ಶರ್ಟ್ ಎಂತಕ್ಕೆ?"

"ಅಲ್ಲ, ಒಂದು ಫೋಟೋ ತೆಗೀಬೇಕಲ್ಲ, ಹ್ಯಾಂಡೋವರ್ ಅಂತ. ಗ್ರೂಪಿಗೆ ಹಾಕ್ಲಿಕ್ಕೆ." ಅವಳ ಮುಖ ನೋಡಿ ದನಿ ತಗ್ಗಿಸಿದ. "ನೀನು ಇನ್ನೂ ಅದನ್ನೇ ಹಿಡ್ಕೊಂಡು ಕೂರ್ಬೇಡ. ಅವರೇ ರಾಜೀನಾಮೆ ಕೊಟ್ಟದ್ದು. ಯಾರೂ ದೂಡ್ಲಿಲ್ಲ."

"ಹೌದು. ಯಾರೂ ದೂಡ್ಲಿಲ್ಲ."

"ಅದೇ ನಾನೂ ಹೇಳುದು," ಎಂದ ಅವನು ಹಗುರಾಗಿ, ಮಾತಿನ ತುದಿ ತಾಗಿಸಿಕೊಳ್ಳದೆ, ಮೇಜಿನಿಂದ ಪ್ರಜ್ಞಾಳ ಟೇಪಿನ ಸುರುಳಿ ಎತ್ತಿಕೊಂಡು ಹೋದ. ಅವನ ಮೇಲೆ ಸಿಟ್ಟು ಮಾಡುವುದು ಸುಲಭವಿತ್ತು. ಆಫೀಸಿನಲ್ಲಿ ಎರಡು ಸಲ ಇವನಿಗಿಂತ ಕಿರಿಯರು ಇವನ ಮೇಲೆ ಬಂದು ಕೂತಿದ್ದರು. ಯಾವುದಕ್ಕೂ ಮುಖ್ಯಸ್ಥನಾಗದೆ ತಲೆ ನರೆಯುತ್ತಿರುವವನು, ಹೊಸ ಪೊರಕೆಯಿಂದ ಗರಾಜು ಗುಡಿಸಿದ್ದಾನೆ. ಬಳಗದ ತುರ್ತು ಮೀಟಿಂಗಿನ ಹಿಂದಿನ ದಿನ ಅವನು 'ನೀನು ಎಂತದೂ ಹೇಳ್ಲಿಕ್ಕೆ ಹೋಗ್ಬೇಡ' ಎಂದದ್ದು ನಿಜ. ಆದರೆ ಅವನು ಹೇಳುವ ಮೊದಲೇ ಅವಳು ಹೇಳದೆ ಇರಲು ತಯಾರಾಗಿದ್ದಳು. ಅವನು ಹೇಳಿದ್ದು ಒಳ್ಳೆಯದೇ ಆಯಿತು ಎಂದು ಆಗಲೇ ಎಲ್ಲೋ ಒಳಗೆ ಅನ್ನಿಸಿತ್ತು. ಇನ್ನು ಮುಂದೆ ಅದು ಅವನ ಮಾತು.

"ದಿಸ್ ಒನ್ ಈಸ್ ದ ವರ್ಸ್ಟ್," ಎಂದಳು ಪ್ರಜ್ಞಾ. ಗುಂಡು ಹಲಗೆಯ ಮೇಲೆ ಬರೆದ ಹಳೆಯ ಚಿತ್ರವೊಂದರ ಪ್ರಿಂಟನ್ನು ಎತ್ತಿ ಹಿಡಿದಿದ್ದಳು. ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು. ಒಬ್ಬ ಮಗನ ಮುಖ ಇರಬೇಕಾದಲ್ಲಿ ಉಜ್ಜಿ ತೆಗೆದ ಕಂದು ಕಲೆ. "ಗೇಟಾ. ಅಣ್ಣನ ಸೋಲ್ಜರ್ಸ್ ಬಂದು ಅಮ್ಮನ ಹಗ್‌ನಲ್ಲಿ ಇರುವಾಗ್ಲೇ ಕೊಂದ್ರು. ಆಮೇಲೆ ಎಲ್ಲಾ ಪಿಕ್ಚರಿಂದ ಅವ್ನ ಫೇಸ್ ಇರೇಸ್. ಅಮ್ಮ ಅಳ್ಬಾರ್ದು ಅಂತ ರೂಲ್. ಶೀ ಹ್ಯಾಡ್ ಟು ಸ್ಮೈಲ್."

"ನಕ್ಳಾ ಅವಳು?"

"ನಗ್ಲೇಬೇಕಲ್ಲ. ಇಲ್ಲಾಂದ್ರೆ ಅವ್ಳನ್ನೂ ಕೊಲ್ತಾರೆ." ಮಗು ಚಿತ್ರವನ್ನು ಬೋರ್ಡಿಗೆ ಅಂಟಿಸಿ ಅಂಗೈಯಿಂದ ಒತ್ತಿದಳು. "ಪಪ್ಪನ ಕಂಪ್ಯೂಟರಲ್ಲೂ ಹಾಗೆ ಮಾಡಿದ್ದು ಉಂಟು. ಅಜ್ಜನ ಕೈ ಮಾತ್ರ ಉಂಟು."

ಹೌದು, ಅದನ್ನು ಅವಳೂ ನೋಡಿದ್ದಳು. ಬರುವ ವರ್ಷದ ಕ್ಯಾಲೆಂಡರಿಗೆ ಬಳಗದ ದೀಪ ಬೆಳಗಿಸುವ ಫೋಟೋ. ಕಾಲುದೀಪದ ಸುತ್ತ ಎಲ್ಲರೂ ನಗುತ್ತಿದ್ದಾರೆ, ಮನೀಶ ಈಗ ನಡುವಿಗೆ ಬಂದಿದ್ದಾನೆ, ಎಡಬದಿಯ ಅಂಚಿನಿಂದ ಶಾಲು ಹೊದ್ದ ಒಂದು ತೋಳು ಒಳಚಾಚಿ ಬತ್ತಿಗೆ ಬೆಂಕಿ ಹಿಡಿದಿದೆ. ತೋಳನ್ನೂ ತೆಗೆದರೆ ದೀಪವೇ ಹೋಗುತ್ತದೆ, ಹಾಗಾಗಿ ಬಿಟ್ಟೆ ಎಂದಿದ್ದ ಮನೀಶ, ತುಂಬ ಯೋಚಿಸಿ ಮಾಡಿದ ಕೆಲಸವೆಂಬಂತೆ. ಅವಳು 'ಚೆನ್ನಾಗುಂಟು' ಎಂದಿದ್ದಳು. ನಕ್ಕಿದ್ದಳಾ? ನಕ್ಕಿರಬೇಕು. ಯಾರೂ ಅವಳಿಗೆ ನಗಲೇಬೇಕೆಂದು ಹೇಳಿರಲಿಲ್ಲ.

ಚಾ ಕುದಿದು ಮೇಲೆ ಬಂತು. ಒಲೆ ತಗ್ಗಿಸಿದಳು. ದೀಪಾವಳಿ ಊಟವಾಗಿ ಎರಡನೆಯ ಸಂಜೆ ಲೋಕೇಶನ ಮನೆಯ ಬೇಸ್‌ಮೆಂಟಿನಲ್ಲೂ ಚಾ ಸೋಸುತ್ತಿದ್ದವಳು ಇವಳೇ. ತುರ್ತು ಸಭೆ. ಮಕ್ಕಳಿಗೆ ಮೇಲೆ ಸಿನಿಮಾ ಹಾಕಿಕೊಟ್ಟಿದ್ದರೂ ಪ್ರಜ್ಞಾ ಮಾತ್ರ ಮೆಟ್ಟಿಲ ಮೇಲೆ ಕೂತು ತಟ್ಟೆಯಲ್ಲಿ ಚಕ್ಕುಲಿ ಮುರಿಯುತ್ತ ಕೆಳಗೆ ನೋಡುತ್ತಿದ್ದಳು. ಹೊಟ್ಟೆಗಿಲ್ಲದ ಮಕ್ಕಳು, ಸಂಪ್ರದಾಯ, ನಾಚಿಕೆ, ಊರಿನಲ್ಲಾಗಿದ್ದರೆ ಎಂದೆಲ್ಲ ಮಾತು ಬಿದ್ದವು. ಊರಿನಿಂದ ಇಷ್ಟು ದೂರ ಬಂದವರಿಗೆ ಊರಿನಲ್ಲಾಗಿದ್ದರೆ ಎಂಬುದಕ್ಕಿಂತ ಹರಿತವಾದ ಚೂರಿ ಇನ್ನೊಂದಿಲ್ಲ. ದೇರಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. 'ತಪ್ಪಾಯ್ತು' ಎಂದರು. 'ಎಂತಕ್ಕೆ ಕೂತದ್ದು ಅಂತಾದ್ರೂ ಹೇಳಿ' ಎಂದ ಲೋಕೇಶ. 'ಹಸಿವಾಯ್ತು' ಎಂದರು. ಎಲ್ಲರೂ ನಕ್ಕರು. 'ಬೇರೆ ಯಾರಿಗಾದ್ರೂ ಎಂತಾದ್ರೂ ಹೇಳ್ಲಿಕ್ಕುಂಟಾ?' ಎಂದು ಲೋಕೇಶ ಸುತ್ತ ನೋಡಿದ. ಆಗ ದೇರಣ್ಣ ಒಂದೇ ಒಂದು ಸಲ ಅವಳ ಕಡೆ ನೋಡಿದರು. ತಲೆಯನ್ನು ಸ್ವಲ್ಪ, ತೀರಾ ಸ್ವಲ್ಪ, ಅಡ್ಡಕ್ಕೆ ಆಡಿಸಿದರು. ಅಥವಾ ಕೊರಳಪಟ್ಟಿ ತುರಿಸಿತೋ. ಆ ಒಂದು ಅಲುಗಾಟವನ್ನು ಅವಳು ಮೂರು ವಾರದಿಂದ ಎದೆಗವಚಿಕೊಂಡು ತಿರುಗುತ್ತಿದ್ದಾಳೆ. ಹೇಳಬೇಡ ಎಂದದ್ದು ಅವರೇ, ಹೇಳಿದ್ದರೆ ಅವರ ಕೆಲಸ ಹೋಗುತ್ತಿತ್ತು, ಮಾತು ಕೊಟ್ಟಿದ್ದೆ, ಜಯಕ್ಕನಿಗೆ. ಎಲ್ಲವೂ ಸತ್ಯ. ಆದರೆ ಕಾಯಿಲೆಯ ಮಾತೇ ಎತ್ತದೆ, 'ಕೂರಿಸಿದ್ದು ನಾನು, ಅವರು ಬೇಡ ಅಂದರೂ ಒತ್ತಿ ಕೂರಿಸಿದ್ದು ನಾನು' ಎನ್ನಬಹುದಿತ್ತು. ನಾಲ್ಕು ಮಾತು. ನಾಲ್ಕು ಮಾತಿಗೆ ಜನ ಅವಳತ್ತ ತಿರುಗುತ್ತಿದ್ದರು, ಲೋಕೇಶ ಒಂದು ತಮಾಷೆ ಮಾಡುತ್ತಿದ್ದ, ಮನೀಶ ಮನೆಗೆ ಬಂದು ಎರಡು ದಿನ ಮಾತು ಬಿಡುತ್ತಿದ್ದ, ಅಷ್ಟೇ. ಅವಳು ಸೋಸುವ ಬಟ್ಟಲಲ್ಲಿ ಉಳಿದ ಚಾಪುಡಿಯನ್ನು ಚಮಚದಿಂದ ಒತ್ತಿ ಒತ್ತಿ ಹಿಂಡುತ್ತ ನಿಂತಳು. ಮುಂದಿನ ಅಧ್ಯಕ್ಷರು ಮನೀಶ್ ಆಗಲಿ ಎಂದು ಯಾರೋ ಸೂಚಿಸಿದಾಗ ಮೊದಲು ಚಪ್ಪಾಳೆ ತಟ್ಟಿದವರು ದೇರಣ್ಣ.

ಎರಡು ಕಪ್ಪು ಚಾ ಹಿಡಿದು ಅವಳು ಮುಂಬಾಗಿಲಿನಿಂದ ಹೊರಗೆ ಬಂದಳು. ಚಪ್ಪಲಿಯೊಳಗೆ ಬರಿಗಾಲು ಚಳಿಗೆ ಕೊರೆಯಿತು. ಗರಾಜಿನ ಮುಂದೆ ಗಂಡಸರಿಬ್ಬರೂ ಬಳಗದ ದೊಡ್ಡ ಕೊಪ್ಪರಿಗೆಯನ್ನು ಇಳಿಸುತ್ತಿದ್ದರು. ಅಧ್ಯಕ್ಷರಾದವರ ಗರಾಜಿನಲ್ಲೇ ಬಳಗದ ಪಾತ್ರೆ ಇರಬೇಕೆಂಬುದು ಮೊದಲಿನಿಂದ ಬಂದ ಪದ್ಧತಿ. ಅವಳು ನೇರ ವ್ಯಾನಿನ ಮುಂಭಾಗಕ್ಕೆ ಹೋಗಿ ಕಿಟಕಿಯ ಪಕ್ಕ ನಿಂತಳು. ಗಾಜು ಒಂದು ಗೇಣು ಇಳಿಯಿತು.

"ಜಯಕ್ಕ, ಒಳಗೆ ಬನ್ನಿ. ದೋಸೆ ಹೊಯ್ತಾ ಇದ್ದೇನೆ."

"ಇಲ್ಲ ವಿನೋದಾ. ಮನೇಲಿ ಕೆಲ್ಸ ಉಂಟು."

"ಚಾ ಆದ್ರೂ."

"ಈಗಷ್ಟೇ ಕುಡ್ದು ಬಂದದ್ದು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಜಯಶೀಲಾ ಕಾಲಬುಡದಿಂದ ಒಂದು ಸ್ಟೀಲಿನ ಡಬ್ಬಿ ಎತ್ತಿ ಕಿಟಕಿಯ ಸಂದಿಯಿಂದ ದಾಟಿಸಿದರು. "ನಿನ್ನ ಡಬ್ಬಿ. ಅಷ್ಟಮಿಗೆ ಉಂಡೆ ಕೊಟ್ಟದ್ದು. ಅಲ್ಲೇ ಉಳಿದಿತ್ತು."

ಚಾದ ಕಪ್ಪುಗಳನ್ನು ಒಂದೇ ಕೈಗೆ ತಂದು ಡಬ್ಬಿ ಹಿಡಿದಳು. ಹಗುರವಿತ್ತು. ಅಲುಗಿಸಿ ನೋಡಬೇಕಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಎಷ್ಟು ಡಬ್ಬಿ ಹೋಗಿ ಬಂದಿದ್ದವೋ. ಬರಿದಾಗಿ ಬಂದದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಎರಡು ಒಣಮೆಣಸು, ಒಮ್ಮೆ ಬರೀ ಕರಿಬೇವಿನ ಎಸಳು. ಖಾಲಿ ಪಾತ್ರೆ ಕೊಡಬಾರದೆಂದು ಅವಳ ಅಜ್ಜಿಯೂ ಜಯಶೀಲಾರ ಅಜ್ಜಿಯೂ ಬೇರೆ ಬೇರೆ ಊರಿನಲ್ಲಿ ಒಂದೇ ಮಾತು ಹೇಳಿದ್ದರು. ಡಬ್ಬಿ ಚೆನ್ನಾಗಿ ಉಜ್ಜಿ ತೊಳೆದು ಒರೆಸಿ ಬಂದಿತ್ತು, ಹೊಸದರಂತೆ ಹೊಳೆಯುತ್ತಿತ್ತು. ಬೇಕೆಂದೇ ಮಾಡಿದ್ದು. ಬೈದಿದ್ದರೆ ಚೆನ್ನಾಗಿತ್ತು. ಜಯಕ್ಕ ನಾನು, ಎಂದು ಬಾಯಿ ತೆರೆದಳು. ಗಾಜು ಮೇಲೇರಿತು. ಅದರಲ್ಲಿ ಬೆಳಗಿನ ಬಿಳಿಯ ಆಕಾಶವೂ ಎರಡು ಕಪ್ಪು ಹಿಡಿದ ಒಬ್ಬ ಹೆಂಗಸೂ ಕಂಡರು.

ಗರಾಜಿನಲ್ಲಿ ಕೊಪ್ಪರಿಗೆಗಳು ಗುಡಿಸಿದ ನೆಲದ ಮೇಲೆ ಬೋರಲು ಬಿದ್ದಿದ್ದವು. ಕಾಲುದೀಪವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮೂಲೆಗೆ ಒರಗಿಸಿದ್ದರು. ದೇರಣ್ಣ ಚಾ ತೆಗೆದುಕೊಂಡರು. "ಸಕ್ರೆ ಹಾಕ್ಲಿಲ್ಲ" ಎಂದಳು ಅವಳು ಮೆಲ್ಲಗೆ. ಅವರು ಅವಳ ಮುಖ ನೋಡದೆ "ಒಳ್ಳೇದಾಯ್ತು" ಎಂದರು. ತೆಳ್ಳಗಾಗಿದ್ದರು. ಕಂದು ಟೊಪ್ಪಿ ಹಣೆಗೆ ಸಡಿಲಾಗಿತ್ತು. ಒಳಗಿನಿಂದ ಪ್ರಜ್ಞಾ ತನ್ನ ಹಳದಿ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ನಿಂತಳು, ಗಮ್ಮು ಒಣಗಿಸಲು ಎಂದು.

"ಇದೊಂದು ಉಳ್ದಿತ್ತು," ಎಂದು ದೇರಣ್ಣ ಪ್ಲಾಸ್ಟಿಕ್ ಚೀಲದಿಂದ ಮೈಸೂರು ಪೇಟ ತೆಗೆದರು. ಅಧ್ಯಕ್ಷರಾದವರ ತಲೆಗೆ ಇಡುವ, ವರ್ಷ ವರ್ಷ ಅದೇ ಪೇಟ. ಜರಿ ಒಂದು ಕಡೆ ಕಪ್ಪಾಗಿತ್ತು. "ನೋಡು ಮನೀಶಾ, ಇದು ಸ್ವಲ್ಪ ಬಿಗಿ ಉಂಟು. ಅರ್ಧ ಗಂಟೆ ಆದ್ರೆ ತಲೆನೋವು ಶುರು. ನಾನು ಒಳಗೆ ಒಂದು ಹೊಲಿಗೆ ಬಿಚ್ಚಿದ್ದೇನೆ, ಯಾರಿಗೂ ಹೇಳ್ಬೇಡ."

ಮನೀಶ ನಕ್ಕ, ಬೇಕಾದದ್ದಕ್ಕಿಂತ ಜೋರಾಗಿ. "ನೀವೇ ಇಡಿ ದೇರಣ್ಣ, ನನ್ನ ತಲೆಗೆ. ವಿನೋದಾ, ಒಂದು ಫೋಟೋ ತೆಗಿ."

ದೇರಣ್ಣ ಚಾದ ಕಪ್ಪನ್ನು ಕೊಪ್ಪರಿಗೆಯ ತಳದ ಮೇಲೆ ಇಟ್ಟು, ಎರಡೂ ಕೈಯಲ್ಲಿ ಪೇಟವನ್ನು ಮನೀಶನ ತಲೆಗೆ ಇಟ್ಟರು. ಸರಿ ಕೂರಲಿಲ್ಲ, ತಿರುಗಿಸಿ ಕೂರಿಸಿದರು. ವಿನೋದಾ ಫೋನು ಎತ್ತಿದಳು. ಚೌಕದೊಳಗೆ ಇಬ್ಬರೂ ಇದ್ದರು. ಬೆರಳು ಒತ್ತುವ ಮೊದಲು ದೇರಣ್ಣ ತಾವಾಗಿಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಸರಿದು, ಟೊಪ್ಪಿ ಸರಿಮಾಡಿಕೊಂಡರು.

"ಎಂತ ಪುಟ್ಟಿ ಅದು? ಇಷ್ಟೊಂದು ಮುದುಕರು?" ಎಂದರು, ಪ್ರಜ್ಞಾಳ ಬೋರ್ಡಿನ ಕಡೆ ಬಾಗಿ.

"ರೋಮನ್ ಎಂಪರರ್ಸ್. ದ ಒನ್ಸ್ ಹೂ ಡಿಡಂಟ್ ಲಾಸ್ಟ್."

"ಓ. ನಮ್ಮ ಹಾಗಿನವರು. ಇವ ಯಾರು, ಗಡ್ಡದವ?"

"ಪರ್ಟಿನಾಕ್ಸ್. ಹೀ ವಾಸ್ ನೈಸ್. ಫಸ್ಟ್ ಟೀಚರ್ ಆಗಿದ್ದ. ತ್ರೀ ಮಂತ್ಸ್ ಮಾತ್ರ. ಗಾರ್ಡ್ಸ್ ಬಂದಾಗ ಓಡಿ ಹೋಗ್ಬಹುದಿತ್ತು, ಬಟ್ ಹೀ ವೆಂಟ್ ಔಟ್ ಟು ಟಾಕ್ ಟು ದೆಮ್."

"ಮಾತಾಡ್ಲಿಕ್ಕೆ ಹೋದ್ನಾ? ಬುದ್ಧಿ ಇಲ್ಲ ಅವ್ನಿಗೆ." ದೇರಣ್ಣ ನಕ್ಕರು. "ಮತ್ತೆ?"

"ಫಸ್ಟ್ ಅವರೆಲ್ಲ ತಲೆ ಕೆಳಗೆ ಹಾಕಿ ಸುಮ್ಮನೆ ನಿಂತ್ರು. ಆಲ್ಮೋಸ್ಟ್ ಸ್ಟಾಪ್ ಮಾಡಿದ್ರು. ದೆನ್ ಒನ್ ಗೈ..." ಮಗು ಕೈಯಿಂದ ಹೊಡೆಯುವಂತೆ ಮಾಡಿದಳು.

"ಉಳಿದವರು?"

"ಅವ್ರು ಏನೂ ಮಾಡ್ಲಿಲ್ಲ. ದೇ ಜಸ್ಟ್ ಲೆಟ್ ಇಟ್." ಪ್ರಜ್ಞಾ ಬೋರ್ಡನ್ನು ನೋಡಿದಳು. "ಆಮೇಲೆ ಗೋಡೆ ಮೇಲೆ ನಿಂತು, ಎಂಪರರ್ ಆಗ್ಲಿಕ್ಕೆ ಯಾರು ಜಾಸ್ತಿ ಕೊಡ್ತೀರಿ ಅಂತ ಕೇಳಿದ್ರು. ಲೈಕ್ ಆನ್ ಆಕ್ಷನ್ ಸೇಲ್. ಒಬ್ಬ ತಗೊಂಡ. ಇವ್ನು. ಜೂಲಿಯಾನಸ್."

"ಅವ ಎಷ್ಟು ದಿನ ಇದ್ದ?"

"ಇನ್ನೂ ಕಮ್ಮಿ."

ಮನೀಶ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಳಗಿನಿಂದ ಸುಟ್ಟ ವಾಸನೆ ಬಂತು. ವಿನೋದಾ ಒಲೆ ಆರಿಸಿರಲಿಲ್ಲ. ಹೋಗಬೇಕು, ಈಗಲೇ ಹೋಗಬೇಕು, ಹೋಗಲು ಇದಕ್ಕಿಂತ ಒಳ್ಳೆಯ ನೆಪ ಸಿಗದು ಎಂದುಕೊಂಡಳು. ಕೈಯಲ್ಲಿ ಇನ್ನೂ ಆ ಖಾಲಿ ಡಬ್ಬಿ ಇತ್ತು. ಒಳಬಾಗಿಲ ಮೆಟ್ಟಿಲ ಮೇಲೆ ಮಗು ಬೋರ್ಡನ್ನು ಅಡ್ಡವಾಗಿ ಹಿಡಿದು ನಿಂತಿದ್ದಳು.

"ದಾರಿ ಬಿಡು ಪುಟ್ಟಿ. ದೋಸೆ ಸುಡ್ತಾ ಉಂಟು."

ಪ್ರಜ್ಞಾ ದಾರಿ ಬಿಡಲಿಲ್ಲ. ಬೋರ್ಡನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು, ತಲೆಗಳು ಎದುರಿಗೆ ಬರುವಂತೆ. ಅಮ್ಮನನ್ನು ನೋಡಿದಳು, ಅಜ್ಜನನ್ನು ನೋಡಿದಳು, ಮತ್ತೆ ಅಮ್ಮನನ್ನು. ಅವಳ ದನಿ ಸಣ್ಣದಾಗುವುದನ್ನು ವಿನೋದಾ ಕೇಳಿಸಿಕೊಂಡಳು, ಮತ್ತು ಈ ಸಲ, ಯಾವತ್ತೂ ಇಂಗ್ಲಿಷ್ ಬೆರೆಸಿಯೇ ಮಾತಾಡುತ್ತಿದ್ದ ಮಗು, ಅಜ್ಜನಿಗೂ ಸರಿಯಾಗಿ ತಿಳಿಯಲಿ ಎಂಬಂತೆ, ಒಂದೊಂದೇ ಮಾತನ್ನು ಹುಡುಕಿ ಜೋಡಿಸುತ್ತ ಪೂರ್ತಿ ಕನ್ನಡದಲ್ಲೇ ಕೇಳಿದಳು:

"ಅಮ್ಮ, ಅಜ್ಜ ಬೇಡ ಬೇಡ ಅಂತ ಹೇಳಿದ್ರು. ನೀನೇ ಅವರನ್ನು ಕೂರಿಸಿದ್ದು. ನನ್ಹತ್ರ ಓಡು, ಜ್ಯೂಸ್ ತಾ ಅಂತ ಹೇಳಿದ್ದೂ ನೀನೇ. ಮತ್ತೆ ಆ ದಿವಸ ಲೋಕೇಶ್ ಅಂಕಲ್ ಎಲ್ಲರ ಹತ್ರ ಕೇಳುವಾಗ ನೀನು ಯಾಕೆ ಸುಮ್ಮನೆ ಚಾ ಮಾಡ್ತಾ ಇದ್ದಿ?"